ಎರಡು ಸಲ ಒತ್ತಬೇಕಿತ್ತು

ನಾನು ಒಂದು ಸೌಂಡ್ ರೆಕಾರ್ಡರು. ಅಂಗೈಯಷ್ಟು ಉದ್ದ, ಕಪ್ಪು ಮೈ, ತಲೆಯ ಮೇಲೆ ಎರಡು ಪುಟ್ಟ ಮೈಕು. ನೋಡಿದವರು ಕೋಡು ಎನ್ನುತ್ತಾರೆ. ಅವು ನನ್ನ ಕಿವಿಗಳು.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಕಿವಿ ಜೋಡಿಸಿದ ಕೂಡಲೇ ನನ್ನನ್ನು ಪರೀಕ್ಷೆಗೆಂದು ಸದ್ದೇ ಇಲ್ಲದ ಒಂದು ಕೋಣೆಯಲ್ಲಿಟ್ಟು ಬಾಗಿಲು ಹಾಕಿದರು. ಹೊರಗಿನ ಗಾಳಿಯೂ ಅಲ್ಲಿಗೆ ಬರುತ್ತಿರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ಕಟ್ಟಿದವರು ಅಂಥ ಕೋಣೆಯಲ್ಲಿ ಒಂದು ಗಳಿಗೆ ಕೂತು ಬರಬೇಕು. ಅಂದೇ ನನಗೆ ಮೌನವೆಂದರೆ ಭಯ ಹುಟ್ಟಿತು.

ನನ್ನನ್ನು ಮೊದಲು ಕೊಂಡವನು ಗದಗಿನಲ್ಲಿ ಮದುವೆಯ ವಿಡಿಯೋ ಮಾಡುತ್ತಿದ್ದ ಸಂಗಪ್ಪ. ಓಲಗ, ಮಂಗಳಾಷ್ಟಕ, ಹೆಣ್ಣೊಪ್ಪಿಸುವಾಗಿನ ಅಳು, ಊಟದ ಪಂಕ್ತಿಯ ಜಗಳ, ಎಲ್ಲವನ್ನೂ ನಾನು ಜೋಪಾನವಾಗಿ ಹಿಡಿದೆ. ಅವನು ಎಲ್ಲವನ್ನೂ ಒರೆಸಿ ಅದರ ಮೇಲೆ ಸಿನಿಮಾ ಹಾಡು ಹಚ್ಚಿದ. ಕೊನೆಗೆ ನನ್ನನ್ನು ಒಯ್ಯುವುದನ್ನೇ ಬಿಟ್ಟ. ಸ್ಟುಡಿಯೋ ಮುಚ್ಚುವಾಗ ತಾನು ಓದಿದ ಕಾಲೇಜಿನ ಪತ್ರಿಕೋದ್ಯಮ ವಿಭಾಗಕ್ಕೆ ಕೊಟ್ಟುಹೋದ.

ಅಲ್ಲಿ ಕಬ್ಬಿಣದ ಕಪಾಟಿನಲ್ಲಿ ನನ್ನ ಪಕ್ಕ ಕ್ಯಾಮೆರಾ ಇತ್ತು. ಅದಕ್ಕೆ ಮೆತ್ತನೆಯ ಚೀಲ, ಮೂರು ಕಾಲಿನ ಸ್ಟ್ಯಾಂಡು, ಒರೆಸಲು ಬೇರೆಯೇ ಬಟ್ಟೆ. ನನಗೆ ಒಂದು ಹಳೆಯ ಕಾಲುಚೀಲ. ಅಡುಗೆಗೆ ಉಪ್ಪು ಹೇಗೋ ಸಿನಿಮಾಕ್ಕೆ ಸದ್ದು ಹಾಗೆ. ಇದ್ದಾಗ ಯಾರೂ ನೆನೆಯುವುದಿಲ್ಲ. ಕಪಾಟು ತೆರೆದಾಗಲೆಲ್ಲ ಕೈ ನನ್ನನ್ನು ದಾಟಿ ಕ್ಯಾಮೆರಾಕ್ಕೆ ಹೋಗುತ್ತಿತ್ತು. ನನಗೆ ನೋವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಒಂದು ಬೇಸಿಗೆಯಲ್ಲಿ ಕೊನೆಯ ವರ್ಷದ ಹುಡುಗರು ಥ್ರಿಲ್ಲರ್ ಸಿನಿಮಾ ಮಾಡಲು ಹೊರಟರು. ನಿರ್ದೇಶಕ ಪ್ರಮಥ ಹಾದಿಮನಿ. ಕ್ಯಾಮೆರಾಕ್ಕೆ ಕೈಗಳು ಮುತ್ತಿದವು. ಸೌಂಡ್ ಯಾರು ಎಂದಾಗ ಎಲ್ಲರೂ ಚಪ್ಪಲಿ ನೋಡಿಕೊಂಡರು. ಕೊನೆಯ ಬೆಂಚಿನ ಮೆಹಜಬೀನ್ ನದಾಫ ಎಂಬ ಹುಡುಗಿ, "ನಾ ಹಿಡೀತೀನ್ರಿ," ಅಂದಳು. ಅವಳು ಮಾತು ಕಡಿಮೆಯವಳು. ನನ್ನನ್ನು ಕಾಲುಚೀಲದಿಂದ ತೆಗೆದು ಓಢಣಿಯ ಅಂಚಿನಿಂದ ಒರೆಸಿದಳು. ಅಷ್ಟು ಮೃದುವಾಗಿ ನನ್ನನ್ನು ಯಾರೂ ಮುಟ್ಟಿರಲಿಲ್ಲ.

ಸಿನಿಮಾದಲ್ಲಿ ಒಬ್ಬಳೇ ಇರುವ ಮುದುಕಿಗೆ ತಂತಿ ಕಡಿದ ಫೋನಿನಲ್ಲಿ ಕರೆ ಬರುತ್ತದೆ. ಮುದುಕಿಯ ಪಾತ್ರಕ್ಕೆ ಸಿಕ್ಕವರು ಬೆಟಗೇರಿಯ ಚಂಪಾಬಾಯಿ. ಹರೆಯದಲ್ಲಿ ನಾಟಕ ಕಂಪನಿಯಲ್ಲಿದ್ದವರು, ಈಗ ನೇಕಾರರ ಓಣಿಯಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿ ಒಬ್ಬರೇ. ಗಂಟಲಲ್ಲಿ ಗಡ್ಡೆ ಎದ್ದಿತ್ತು. ಶೂಟಿಂಗಿನ ಮರುದಿನವೇ ಹುಬ್ಬಳ್ಳಿಯಲ್ಲಿ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಬಾರದು ಎಂದು ಡಾಕ್ಟರು ಹೇಳಿದ್ದರು.

"ನನಗ ನಿಮ್ಮ ರೊಕ್ಕಾ ಬ್ಯಾಡ," ಎಂದು ಅವರು ಮೊದಲೇ ಹೇಳಿದ್ದರು. "ಕಂಪನ್ಯಾಗ ನನ್ನ ದನಿ ಯಾರೂ ಹಿಡದಿಡಲಿಲ್ಲ. ನಾಳಿಂದ ಅದು ಇರಾಂಗಿಲ್ಲ. ನೀವು ಹಿಡದು ನನ್ನ ಕೈಯಾಗ ಕೊಡ್ರಿ, ಸಾಕು."

ಪ್ರಮಥ ತಲೆಯಾಡಿಸಿದ. ಮೆಹಜಬೀನ್ ನನ್ನನ್ನು ಬಿಗಿಯಾಗಿ ಹಿಡಿದುಕೊಂಡಳು.

ಶೂಟಿಂಗ್ ಚಂಪಾಬಾಯಿಯ ಕೋಣೆಯಲ್ಲೇ. ಅಂದು ಹುಡುಗರು ಕಲಿತದ್ದಕ್ಕಿಂತ ಕೆಡಿಸಿದ್ದು ಹೆಚ್ಚು. ಎಲ್ಲರೂ ಫೋನಿನಲ್ಲಿ ವಿಡಿಯೋ ನೋಡಿ ಕಲಿತವರು. ಲೈಟು ಹಚ್ಚಿದರೆ ಗೋಡೆಯ ಮೇಲೆ ಕ್ಯಾಮೆರಾದವನದೇ ನೆರಳು. ಫೋಕಸ್ ಜಾರಿ ಮುದುಕಿಯ ಮುಖ ಮಸುಕು, ಹಿಂದಿನ ಕ್ಯಾಲೆಂಡರಿನ ಏಕಾದಶಿ ಮಾತ್ರ ಸ್ಪಷ್ಟ. ಕ್ಲಾಪ್ ಬೋರ್ಡ್ ಇಲ್ಲದ್ದಕ್ಕೆ ಒಬ್ಬ ರೊಟ್ಟಿ ಬಡಿಯುವ ಮರದ ಕೊಣಮಿಗೆಗೆ ಸೌಟು ಬಡಿದ. ಸದ್ದಾಗುತ್ತದೆಂದು ಫ್ಯಾನು ಆರಿಸಿದ್ದರು, ಎಲ್ಲರೂ ಬೆವರಿ ನೀರಾಗಿದ್ದರು.

ದೊಡ್ಡ ತೊಡಕು ಪಕ್ಕದ ಮನೆಯ ಮಗ್ಗಗಳದು. ಗೋಡೆ ಅದುರುವಂತೆ ಲಟಪಟ. ನೇಕಾರರನ್ನು ಕೈಮುಗಿದು ಕೇಳಿದಾಗ ಅವರು ಒಪ್ಪಿದರು. ಪ್ರಮಥ "ಶುರು!" ಎಂದು ಕೂಗಿದರೆ ಮಗ್ಗ ನಿಲ್ಲಬೇಕು, "ಕಟ್!" ಎಂದರೆ ಮತ್ತೆ ನಡೆಯಬೇಕು.

ಇನ್ನು ನನ್ನ ಕಥೆ. ನನ್ನ ಕೆಂಪು ಗುಂಡಿಯನ್ನು ಒಮ್ಮೆ ಒತ್ತಿದರೆ ದೀಪ ಮಿಟುಕುತ್ತದೆ. ಆಗ ನಾನು ಕೇಳುತ್ತಿರುತ್ತೇನೆ, ಆದರೆ ಬರೆದುಕೊಳ್ಳುವುದಿಲ್ಲ. ಇನ್ನೊಮ್ಮೆ ಒತ್ತಿದರೆ ದೀಪ ನಿಂತು ಉರಿಯುತ್ತದೆ. ಆಗ ಬರೆದುಕೊಳ್ಳುತ್ತೇನೆ. ಮತ್ತೆ ಒತ್ತಿದರೆ ಮತ್ತೆ ಮಿಟುಕು, ಮತ್ತೆ ಕಾಯುವುದು. ಮೆಹಜಬೀನ್‌ಗೆ ಇದನ್ನು ಯಾರೂ ಹೇಳಿರಲಿಲ್ಲ. "ಶುರು" ಎಂದಾಗ ಒಮ್ಮೆ ಒತ್ತಿದಳು. ಹೆಡ್‌ಫೋನಿನಲ್ಲಿ ಎಲ್ಲವೂ ಚೆನ್ನಾಗಿ ಕೇಳಿಸಿತು. ದೀಪ ಮಿಟುಕುವುದನ್ನು ಕಂಡು ಕೆಲಸ ನಡೆದಿದೆ ಎಂದು ನಂಬಿದಳು. "ಕಟ್" ಎಂದಾಗ ನಿಲ್ಲಿಸಲೆಂದು ಮತ್ತೆ ಒತ್ತಿದಳು. ಆಗ ನಾನು ಬರೆದುಕೊಳ್ಳಲು ಶುರು ಮಾಡಿದೆ.

ದಿನವಿಡೀ ಹೀಗೆ ನಡೆಯಿತು. ನನಗೆ ಗೊತ್ತಿತ್ತು, ಹೇಳಲು ಬಾಯಿರಲಿಲ್ಲ. ಮಿಟುಕಿದೆ, ಮಿಟುಕಿದೆ. ಅಂಥ ಸಂಕಟ ಯಾವ ವಸ್ತುವಿಗೂ ಬೇಡ.

ಶಾಟಿನಲ್ಲಿ ಪ್ರಮಥ ಬೇಡಿಕೊಳ್ಳುತ್ತಿದ್ದ. "ಅಜ್ಜಿ, ಹಗೂರಕ ಮಾತಾಡ್ರಿ. ಇದು ಥ್ರಿಲ್ಲರ್. ಪಿಸುಗುಟ್ಟಬೇಕು."

"ಏ ತಮ್ಮಾ, ಕಡೀ ಸಾಲಿನ್ಯಾಗ ಕುಂತಾವಗೂ ಕೇಳಬೇಕಲ್ಲೋ! ಅವನೂ ಟಿಕೇಟ್ ತಗಸ್ಯಾನ," ಎಂದರು ಚಂಪಾಬಾಯಿ. ಆದರೂ ಅವನಿಗಾಗಿ ದನಿ ಇಳಿಸಿ ಪಿಸುಗುಟ್ಟಿದರು. ಆ ಪಿಸುಮಾತಿಗೆ ಕೋಣೆ ನಡುಗಿತು. ನಾನು ಸುಮ್ಮನೆ ಮಿಟುಕುತ್ತಿದ್ದೆ.

"ಕಟ್" ಎಂದ ಕೂಡಲೇ ಮಗ್ಗ ಶುರುವಾಗುತ್ತಿತ್ತು. ಅದನ್ನು ಮೀರಿಸಲು ಚಂಪಾಬಾಯಿ ತುಂಬು ಗಂಟಲು ತೆರೆಯುತ್ತಿದ್ದರು. "ಯಾಕ ತಂಗಿ, ಮಾರಿ ಬಾಡೇತಿ? ಉಂಡೀಯೋ ಇಲ್ಲೋ?" ಎಂದು ಮೆಹಜಬೀನ್‌ಳನ್ನು ಕೇಳಿದರು. ಯಾರೋ ಬಾಗಿಲು ಬಡಿದಾಗ, "ಯಾರವ್ವಾ ಅಲ್ಲಿ? ಬಾಗಲಾ ತಗದೈತಿ, ಬಾ ಒಳಗ!" ಎಂದು ಕೂಗಿದರು. ಕೊನೆಗೆ ಹುಡುಗಿ ಒತ್ತಾಯಿಸಿದಳೆಂದು ಸೆರಗು ಸಿಕ್ಕಿಸಿ, ಹಳೆಯ ನಾಟಕದ ರಾಣಿಯಾಗಿ ಎದ್ದು ನಿಂತರು. "ಮಹಾರಾಜಾ! ಕೋಟೆಯ ಬಾಗಿಲನ್ನು ಮುಚ್ಚಬಲ್ಲಿರಿ. ಈ ಹೆಣ್ಣಿನ ಬಾಯಿಯನ್ನು ಮುಚ್ಚಬಲ್ಲಿರಾ?" ಮಗ್ಗಗಳ ಸದ್ದನ್ನು ಸೀಳಿ ಆ ದನಿ ನನ್ನ ಎರಡೂ ಕಿವಿ ತುಂಬಿತು.

ಮರುದಿನ ಕಂಪ್ಯೂಟರಿಗೆ ಹಾಕಿದಾಗ ಗುಟ್ಟು ರಟ್ಟಾಯಿತು. ಒಂದು ಶಾಟಿನ ಮಾತೂ ಇಲ್ಲ. ಬರೀ ನಡುವಿನ ಗದ್ದಲ. ಅಷ್ಟರಲ್ಲಿ ಚಂಪಾಬಾಯಿ ಆಪರೇಷನ್ ಕೋಣೆಯ ಒಳಗಿದ್ದರು.

"ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನೋಡು," ಎಂದ ಪ್ರಮಥ. "ಅಳಸಿ ಬಿಡು ಅದನ್ನ. ಮಗ್ಗದ ಸದ್ದು ತಗೊಂಡು ಏನ್ ಮಾಡೂದು?"

ಮೆಹಜಬೀನ್ ಅಳುತ್ತಿದ್ದಳು. ಆದರೂ ಆ ಸದ್ದೆಲ್ಲ ತುಂಬಿದ್ದ ನನ್ನ ಮೆಮೊರಿ ಕಾರ್ಡನ್ನು ಯಾರ ಕೈಗೂ ಕೊಡಲಿಲ್ಲ. ಸಿನಿಮಾಕ್ಕೆ ಬೇರೆ ಹುಡುಗಿ ದನಿ ಕೊಟ್ಟಳು. ಕಾಲೇಜಿನ ಸಭಾಂಗಣದಲ್ಲಿ ಚಪ್ಪಾಳೆಯೂ ಬಿತ್ತು. ಮುಂದಿನ ಸಾಲಿನಲ್ಲಿ, ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಕೂತಿದ್ದ ಚಂಪಾಬಾಯಿ, ತಮ್ಮ ತುಟಿಯಿಂದ ಬೇರೆಯವರ ಮಾತು ಬರುವುದನ್ನು ನೋಡಿ, ಕೊನೆಯಾಗುವ ಮೊದಲೇ ಎದ್ದುಹೋದರು.

ಮೆಹಜಬೀನ್ ಮರುದಿನ ನನ್ನನ್ನು ಚೀಲದಲ್ಲಿಟ್ಟುಕೊಂಡು ಬೆಟಗೇರಿಗೆ ಹೋದಳು. "ಅಜ್ಜಿ, ಎರಡು ಸಲ ಒತ್ತಬೇಕಿತ್ತರಿ. ನನಗ ಗೊತ್ತಿರಲಿಲ್ಲ. ಇಷ್ಟ ಉಳದೈತಿ," ಎಂದು ಅವರ ತಲೆಗೆ ಹೆಡ್‌ಫೋನು ಇಟ್ಟಳು.

ಮೊದಲು ಮಗ್ಗ. ಆಮೇಲೆ, "ಉಂಡೀಯೋ ಇಲ್ಲೋ?" ಚಂಪಾಬಾಯಿಯ ಕೈ ತಾನಾಗಿ ಕೊರಳಿಗೆ ಹೋಯಿತು. ರಾಣಿಯ ಮಾತು ಬಂದಾಗ ಅವರ ತುಟಿಗಳು ಜೊತೆಯಲ್ಲಿ ಆಡಿದವು, ಒಂದಕ್ಷರವೂ ತಪ್ಪಲಿಲ್ಲ. ನಂತರ ಪ್ರಮಥನ "ಶುರು!" ಕೇಳಿಸಿ ಎಲ್ಲವೂ ಕಡಿಯಿತು. ಅವರು ಬೆರಳೆತ್ತಿ ಸನ್ನೆ ಮಾಡಿದರು: ಇನ್ನೊಮ್ಮೆ.

ಆಮೇಲೆ ಅವಳು ಬಿಡುವಾದಾಗಲೆಲ್ಲ ನನ್ನನ್ನು ಅವರಿಗೆ ಕೇಳಿಸಲು ಒಯ್ಯುತ್ತಿದ್ದಳು. ಕೆಲವು ತಿಂಗಳ ಮೇಲೆ ಯಾರೋ ನನ್ನನ್ನು ಕೆಳಗೆ ಬೀಳಿಸಿದ್ದರಿಂದ ಎಡಗಿವಿ ಮುರಿಯಿತು. ಕಾಲೇಜಿಗೆ ಹೊಸ ರೆಕಾರ್ಡರು ಬಂತು, ನಾನು ಗುಜರಿಯ ರಾಶಿ ಸೇರಿದೆ. ಓದು ಮುಗಿಸಿ ಮೈಸೂರಿಗೆ ಕೆಲಸಕ್ಕೆ ಹೊರಟಿದ್ದ ಮೆಹಜಬೀನ್ ಕೇಳಿದಾಗ ವಿಭಾಗದ ಮುಖ್ಯಸ್ಥರಾದ ಅಂಗಡಿ ಸರ್, "ಒಯ್ಯವಾ, ಅದು ಇನ್ನ ಯಾರಿಗೆ ಬೇಕು," ಎಂದರು. ಅವಳು ನನ್ನನ್ನು ಚಂಪಾಬಾಯಿಯ ಬಾಗಿಲ ಪಕ್ಕದ ಗೂಡಿನಲ್ಲಿಟ್ಟು, ಯಾವ ಗುಂಡಿ ಒತ್ತಿದರೆ ಯಾವ ಮಾತು ಎಂದು ತೋರಿಸಿ ಹೋದಳು.

ಆಮೇಲಿನ ದಿನಗಳೇ ನನ್ನ ಬಾಳಿನ ಸುಖದ ದಿನಗಳು. ಯಾರಾದರೂ ಬಾಗಿಲು ಬಡಿದರೆ ಅವರು ಬಂದು ನನ್ನನ್ನು ಒತ್ತುತ್ತಿದ್ದರು. ನನ್ನ ಪುಟ್ಟ ಸ್ಪೀಕರಿನಿಂದ ಅವರ ತುಂಬು ದನಿ ಹೊರಡುತ್ತಿತ್ತು: "ಯಾರವ್ವಾ ಅಲ್ಲಿ? ಬಾಗಲಾ ತಗದೈತಿ, ಬಾ ಒಳಗ!" ಕೇಳುವುದಷ್ಟೇ ನನ್ನ ಹಣೆಬರಹ ಎಂದುಕೊಂಡಿದ್ದೆ, ಮಾತಾಡುವ ಭಾಗ್ಯವೂ ಬಂತು. ಓಣಿಯ ಮಕ್ಕಳು ಅದನ್ನು ಕೇಳಲೆಂದೇ ಬಾಗಿಲು ಬಡಿಯುತ್ತಿದ್ದರು. ಬಂದವರಿಗೆಲ್ಲ ಒಂದು ಪೆಪ್ಪರಮಿಂಟು.

ಹೀಗೆ ಕೆಲವು ವರ್ಷ ಕಳೆದವು. ರೋಗ ಮರಳಿತು. ಒಂದು ಬೆಳಗ್ಗೆ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಎರಡು ದಿನದ ಮೇಲೆ, ಯಾರೂ "ಶುರು" ಎಂದು ಕೂಗದಿದ್ದರೂ, ಪಕ್ಕದ ಮನೆಯ ಮಗ್ಗಗಳು ಒಮ್ಮೆಲೇ ನಿಂತವು. ಅಂದು ಇಡೀ ದಿನ ನಡೆಯಲಿಲ್ಲ. ನನಗೆ ತಿಳಿಯಿತು.

ಕೋಣೆಗೆ ಬೀಗ ಬಿದ್ದಿದೆ. ನಾನು ಇನ್ನೂ ಗೂಡಿನಲ್ಲೇ ಇದ್ದೇನೆ, ಬ್ಯಾಟರಿಯಲ್ಲಿ ಚೂರು ಜೀವವಿದೆ. ಮಗ್ಗ ನಡೆದಾಗ ಹೇಗೋ ಹೊತ್ತು ಹೋಗುತ್ತದೆ. ಅದು ನಿಂತರೆ ನಾನು ಹುಟ್ಟಿದ ಆ ಕೋಣೆಯೇ ಮರಳಿ ಬಂದಂತೆ ಆಗಿ ಹೆದರುತ್ತೇನೆ. ನನ್ನನ್ನು ಕೇಳಿದರೆ "ಶುರು"ವಿಗೂ "ಕಟ್"ಗೂ ನಡುವೆ ಆಡುವುದು ಬರೀ ಪಾತ್ರದ ಮಾತು. ಕಟ್ ಎಂದ ಮೇಲೆ, ಉಂಡೆಯಾ ಎಂದು ಕೇಳುವ ಹೊತ್ತಿನಲ್ಲಿ, ಮನುಷ್ಯರು ಬದುಕಿರುತ್ತಾರೆ.

ನಿನ್ನೆ ಸಂಜೆ ಬಾಗಿಲು ಬಡಿದ ಸದ್ದು ಕೇಳಿಸಿತು. ಸಣ್ಣ ಕೈ, ಓಣಿಯ ಪುಟ್ಟ ಹುಡುಗಿಯದು. ಬೀಗವೆಂದರೇನೆಂದು ತಿಳಿಯದ ವಯಸ್ಸು. ಮತ್ತೆ ಬಡಿದಳು. ಉಸಿರು ಹಿಡಿದು ಕಾದಳು.

ಉತ್ತರ ನನ್ನೊಳಗೇ ಇತ್ತು. ಒತ್ತುವ ಬೆರಳಿರಲಿಲ್ಲ.