ಗೂಡಿನಿಂದ ಒಂದು ಪದ

"ಅರ್ಧ ಇಳಿದಾಗಿದೆ. ಈಗ ಮೇಲೆ ಹತ್ತಿ ಅಂದ್ರೆ ಆಗಲ್ಲ," ಎಂದ ಪ್ರಾಂಪ್ಟರ್.

ಸೊಂಟದವರೆಗೆ ಅವನು ವೇದಿಕೆಯ ಮುಂದಂಚಿನ ಗೂಡಿನೊಳಗಿದ್ದ. ಉಳಿದ ಭಾಗ ಕಪ್ಪು ಕೋಟಿನ ಸಮೇತ ಹೊರಗೆ ಸಿಕ್ಕಿಹಾಕಿಕೊಂಡಿತ್ತು. ಗೂಡಿಗೆ ಕೆಳಗಿನಿಂದ ಮೆಟ್ಟಿಲಿತ್ತು ನಿಜ. ಆದರೆ ಅವನು ನಿವೃತ್ತನಾದ ಮೇಲೆ ಆ ದಾರಿಯಲ್ಲಿ ಮುರಿದ ಕುರ್ಚಿಗಳನ್ನು ತುಂಬಿದ್ದರು.

"ನಿಮಗೆ ಎಪ್ಪತ್ನಾಲ್ಕು," ಎಂದಳು ಸ್ಟೇಜ್ ಮ್ಯಾನೇಜರ್. "ಇನ್ನು ಹತ್ತು ನಿಮಿಷಕ್ಕೆ ಬಾಗಿಲು ತೆಗೀಬೇಕು. ಒಂದೇ ದಿನ ಎರಡು ಸಾವು ನಿಭಾಯಿಸೋ ಶಕ್ತಿ ನನಗಿಲ್ಲ."

"ಕೋಟು ಹಿಡ್ಕೋ, ತಾಯಿ."

ಕೋಟು ಅವಳ ಕೈಗೆ ಬಂತು, ಅವನು ಒಳಗೆ ಜಾರಿದ. ಕೂತಿದ್ದು ಅದೇ ಹಳೆಯ ಸ್ಟೂಲಿನ ಮೇಲೆ. ಮೂವತ್ತೊಂಬತ್ತು ವರ್ಷ ಅವನು ಇಲ್ಲಿ ಕೂತು, ಹಾಡುವವರು ಪ್ರತಿ ಸಾಲು ಎತ್ತಿಕೊಳ್ಳುವ ಮುನ್ನ ಅದರ ಮೊದಲ ಪದವನ್ನು ಮೆಲ್ಲಗೆ ಕೊಟ್ಟಿದ್ದ. ಸಭೆಗೆ ಅವನು ಕಾಣುತ್ತಿರಲಿಲ್ಲ. ಅವನಿಗೂ ಸಭೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಹಾಡುವವರು, ಅದರಲ್ಲೂ ಮುಖ್ಯವಾಗಿ ಅವರ ಶೂಗಳು. ಈಗ ಎದುರಿಗೆ ಹೂವುಗಳ ನಡುವೆ ಶವಪೆಟ್ಟಿಗೆ ಇತ್ತು. ಊರೇ ಮೆಚ್ಚಿದ ಒಪೆರಾ ಗಾಯಕಿ ಅದರಲ್ಲಿ ಮಲಗಿದ್ದಳು.

ಪಕ್ಕದ ಪರದೆಯ ಮರೆಯಲ್ಲಿ ಅವಳ ತಂಗಿಯ ದನಿ ಕೇಳಿಸಿತು. ಈ ಒಪೆರಾ ಮನೆಯ ಇಸ್ತ್ರಿ ಕೋಣೆ ನಡೆಸುವವಳು. ಅಕ್ಕನ ಕೊನೆಯ ಉಡುಪನ್ನೂ ಬೆಳಿಗ್ಗೆ ಅವಳೇ ಇಸ್ತ್ರಿ ಮಾಡಿದ್ದಳು. ತೋಳಿನ ಮಡಿಕೆ ಸರಿಯಾಗಲಿಲ್ಲವೆಂದು ಇನ್ನೊಂದು ಸಲವೂ ಮಾಡಿದ್ದಳು.

"ಸತ್ತ ಮೇಲೂ ಹಟ ಬಿಟ್ಟಿಲ್ಲ ನೋಡಿ," ಎನ್ನುತ್ತಿದ್ದಳು ತಂಗಿ. "ರೆಕಾರ್ಡ್ ಹಾಕಬಾರದಂತೆ, ಭಾಷಣ ಬೇಡವಂತೆ. ಅಮ್ಮನ ಹಾಡನ್ನ ನಾನೇ ಹಾಡಬೇಕಂತೆ. ಕಾಗದದಲ್ಲಿ ಬರೆದಿಟ್ಟು ಹೋಗಿದ್ದಾಳೆ."

"ನೀವು ಹಾಡ್ತೀರಾ? ನನಗೆ ಗೊತ್ತೇ ಇರಲಿಲ್ಲ," ಎಂದ ಬೇಕರಿಯವನು. ಗಾಯಕಿ ಅವನ ಅಂಗಡಿಯ ಹಳೆಯ ಗಿರಾಕಿ.

"ನಲವತ್ತೇಳು ವರ್ಷದಿಂದ ಬಾಯಿ ಬಿಟ್ಟಿಲ್ಲ. ಹಾಡ್ತಾ ಎಲ್ಲಿ ಮರೆತು ನಿಂತುಹೋಗ್ತೀನಿ ಅನ್ನೋದೂ ಗೊತ್ತು. ಮೂರನೇ ಸಾಲು."

"ಮರೆವಿನಲ್ಲಿ ಅವರೇನು ಕಮ್ಮಿನಾ? ನಮ್ಮ ಅಂಗಡೀಲಿ ದುಡ್ಡು ಕೊಟ್ಟು, ಬ್ರೆಡ್ ಬಿಟ್ಟು ಹೋಗೋರು. ವಾರಕ್ಕೆ ಎರಡು ಸಲ ಹಿಂದೆ ಓಡಿದ್ದೀನಿ."

ತಂಗಿ ನಕ್ಕಳು. ಗೂಡಿನೊಳಗೆ ಪ್ರಾಂಪ್ಟರ್ ನಗಲಿಲ್ಲ. ಮೂರನೇ ಸಾಲು ಅವನಿಗೂ ಗೊತ್ತಿತ್ತು.

*

ಆಗ ಅವನಿಗೆ ಇಪ್ಪತ್ತೇಳು, ಕೆಲಸ ಹೊಸದು. ಹೊಸ ಗಾಯಕರ ಆಯ್ಕೆಯ ದಿನ. "ಇವತ್ತು ಬಾಯಿಗೆ ಬೀಗ. ಯಾರಿಗೂ ಒಂದಕ್ಷರ ಕೊಡಬಾರದು," ಎಂದು ನಿರ್ದೇಶಕರು ಎಚ್ಚರಿಸಿದ್ದರು.

ಇಸ್ತ್ರಿ ಕೋಣೆಯ ಹೆಂಗಸಿನ ಇಬ್ಬರು ಮಕ್ಕಳೂ ಬಂದಿದ್ದರು. ಇಬ್ಬರದೂ ಒಂದೇ ಹಾಡು; ಅಮ್ಮ ಇಸ್ತ್ರಿ ಮಾಡುತ್ತಾ ಗುನುಗುತ್ತಿದ್ದದ್ದು. ಇಬ್ಬರಲ್ಲಿ ತಂಗಿಯ ಕಂಠವೇ ಮೇಲು ಎಂದು ಕೆಲಸದವರೆಲ್ಲ ಒಪ್ಪಿದ್ದರು. ಅಕ್ಕನೂ ಒಪ್ಪಿದ್ದಳು.

ತಂಗಿ ಮೊದಲು ನಿಂತಳು.

ಒಗೆದ ಬಟ್ಟೆ ಹರವಿ ಬಂದೆ,
ಗಾಳಿಗೊಂದು ಮಾತು ಅಂದೆ...

ಅಲ್ಲಿಗೆ ನಿಂತುಹೋಯಿತು. ಅವಳು ಪ್ರಾಂಪ್ಟರನನ್ನೇ ನೋಡಿದಳು. ಪದ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಕೆಲಸ ಹೋದೀತೆಂಬ ಹೆದರಿಕೆಯಿಂದ ಅವನು ತುಟಿ ಬಿಚ್ಚಲಿಲ್ಲ. ನಿರ್ದೇಶಕರು "ಸಾಕು" ಎಂದರು.

ಆಮೇಲೆ ಅಕ್ಕ. ಅವಳೂ ಅದೇ ಜಾಗದಲ್ಲಿ ತಡವರಿಸಿದಳು. ಈ ಸಲ ಅವನಿಗೆ ತಡೆದುಕೊಳ್ಳಲಾಗಲಿಲ್ಲ. "ನಾಳೆ" ಎಂದುಬಿಟ್ಟ. ಅವಳು ಹಾಡಿ ಮುಗಿಸಿದಳು, ಆಯ್ಕೆಯಾದಳು. ಹೋಗುವಾಗ ಗೂಡಿನ ಹತ್ತಿರ ಬಂದು, ಯಾರಿಗೂ ತಿಳಿಯದ ಹಾಗೆ ಶೂ ತುದಿಯಿಂದ ಅದರ ಅಂಚಿಗೆ ಎರಡು ಸಲ ತಟ್ಟಿದಳು.

ಅದು ಅವರಿಬ್ಬರ ನಡುವಿನ ಗುಟ್ಟಾಯಿತು. ಪ್ರತಿ ಪ್ರದರ್ಶನ ಮುಗಿದಾಗಲೂ, ಜನ ಎದ್ದು ಚಪ್ಪಾಳೆ ತಟ್ಟುತ್ತಿರುವಾಗಲೇ, ಶೂ ಮುಂದೆ ಬರುತ್ತಿತ್ತು. ತಟ್, ತಟ್.

ತಂಗಿ ಅಮ್ಮನ ಇಸ್ತ್ರಿ ಪೆಟ್ಟಿಗೆ ಹಿಡಿದಳು. ಗೊಣಗಲಿಲ್ಲ. ಅಕ್ಕ ಪ್ರತಿ ಸಂಜೆ ಆ ಕೋಣೆಗೆ ಬಂದು ಬಟ್ಟೆ ಬುಟ್ಟಿಯ ಮೇಲೆ ಕೂತು, "ಈ ಹಬೆ ಇಲ್ದೆ ನನ್ನ ಗಂಟಲು ತೆರೆಯಲ್ಲ ಕಣೇ" ಎಂದು ರಾಗ ಎಳೆಯುತ್ತಿದ್ದಳು. "ಶ್ರುತಿ ಇಳೀತಿದೆ," ಎಂದು ತಂಗಿ ತಲೆಯೆತ್ತದೆ ಹೇಳಿದರೆ ಸಾಕು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.

ನಡೆದದ್ದನ್ನು ತಂಗಿಗೆ ಹೇಳಿಬಿಡಬೇಕೆಂದು ಪ್ರಾಂಪ್ಟರ್ ಎಷ್ಟೋ ಸಲ ಆ ಬಾಗಿಲಿಗೆ ಹೋಗಿದ್ದ. ಪ್ರತಿ ಸಲವೂ ಕಾಲರ್ ಇಸ್ತ್ರಿ ಮಾಡಿಸಿಕೊಂಡು ವಾಪಸ್ ಬಂದಿದ್ದ. ಒಪೆರಾ ಮನೆಯಲ್ಲಿ ಅವನಷ್ಟು ಗರಿಗರಿ ಕಾಲರ್ ಇನ್ಯಾರಿಗೂ ಇರಲಿಲ್ಲ.

*

ಜನ ತುಂಬಿದರು. ಬಾಲ್ಕನಿಯ ಮೆಟ್ಟಿಲ ಮೇಲೂ ಕೂತರು. ಪಿಯಾನೋ ಶುರುವಾಯಿತು.

ಎರಡು ಶೂಗಳು ನಡೆದುಬಂದವು. ಕಪ್ಪು, ಚಪ್ಪಟೆ, ದಿನವಿಡೀ ನಿಂತು ಕೆಲಸ ಮಾಡುವವರವು. ಎಡಗಾಲಿನ ಶೂ ಮೇಲೆ ಗಂಜಿಯ ಬಿಳಿ ಕಲೆ. ಬೇರೆಯವರ ಬಟ್ಟೆಯ ಮೇಲೆ ಒಂದು ನೆರಿಗೆ ಸಹಿಸದವಳು ತನ್ನ ಶೂ ಒರೆಸಿಕೊಂಡಿರಲಿಲ್ಲ.

ಪ್ರಾಂಪ್ಟರ್ ಸ್ಟೂಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡ.

ಅವಳು ಹಾಡಿದಳು. ಅರವತ್ತಾರರ ಕಂಠ, ಹಬೆಯಲ್ಲಿ ನೆನೆದು ಒರಟಾಗಿತ್ತು. ಆದರೂ ಮೊದಲ ಸಾಲಿಗೇ ಸಭೆಯ ಕೆಮ್ಮು ನಿಂತಿತು. ಎರಡನೇ ಸಾಲೂ ಬಂತು. ಅದರ ಕೊನೆಯ ಸ್ವರ ಮುಗಿಯುವಾಗ ಶೂಗಳು ಒಂದಕ್ಕೊಂದು ಅಂಟಿಕೊಂಡವು. ಅವಳು ಕೆಳಗೆ ನೋಡಿದಳು, ಅವನನ್ನು ಕಂಡಳು.

"ನಾಳೆ," ಎಂದ ಪ್ರಾಂಪ್ಟರ್.

ಅಭ್ಯಾಸಬಲದಿಂದ ಪದವನ್ನು ಒಂದು ತಾಳ ಮುಂಚೆಯೇ ಕೊಟ್ಟಿದ್ದ. ಪಳಗಿದ ಗಾಯಕರಾದರೆ ಪದ ತೆಗೆದುಕೊಂಡು, ಉಸಿರೆಳೆದು, ಕಾದು ಹಾಡುತ್ತಾರೆ. ಇವಳಿಗೆ ಅದೆಲ್ಲ ಯಾರು ಕಲಿಸಿದ್ದರು? ಕೊಟ್ಟದ್ದೇ ತಡ, ಎತ್ತಿಕೊಂಡೇಬಿಟ್ಟಳು.

ನಾಳೆ ಅವನ ಅಂಗಿ ಒಣಗಲಿ...

ಪಿಯಾನೋ ಎಡವಿತು. ಪಿಯಾನೋದ ಮುದುಕ ನಾಲ್ಕು ಸ್ವರ ನುಂಗಿ, ಹಿಂದೆ ಓಡಿ, ಅವಳನ್ನು ಹಿಡಿದ. ಸಭೆಯಲ್ಲಿ ಯಾರೋ ಸಣ್ಣಗೆ ನಕ್ಕರು. ಗಾಯಕಿ ಕೇಳಿಸಿಕೊಂಡಿದ್ದರೆ ಅವಳೂ ನಗುತ್ತಿದ್ದಳು. ತಂಗಿ ಹಿಂತಿರುಗಿ ನೋಡಲಿಲ್ಲ. ಮುಂದಿನ ಯಾವ ಸಾಲಿಗೂ ಅವಳಿಗೆ ಪದ ಬೇಕಾಗಲಿಲ್ಲ. ಪ್ರಾಂಪ್ಟರ್ ಸುಮ್ಮನೆ ಕೂತು, ಮನಸಾರೆ ಕೇಳಿದ.

ಹಾಡು ಮುಗಿಯಿತು. ಸಾವಿನ ಮನೆಯಲ್ಲಿ ಚಪ್ಪಾಳೆ ತಟ್ಟಬಹುದೋ ಇಲ್ಲವೋ ಎಂದು ಜನ ಅಳುಕಿದರು. ಆಮೇಲೆ ಬಾಲ್ಕನಿಯಿಂದ ಒಬ್ಬರು ಶುರುಮಾಡಿದರು, ಉಳಿದವರೆಲ್ಲ ಎದ್ದು ನಿಂತರು.

ಕಲೆಯಿದ್ದ ಶೂ ಮುಂದೆ ಬಂತು. ಗೂಡಿನ ಅಂಚಿಗೆ, ತುದಿಯಿಂದ, ಮೆಲ್ಲಗೆ ತಟ್ಟಿತು. ಎರಡು ಸಲ.