ಹೊಳೆ ಬಿಟ್ಟುಹೋದ ಕಡವು

ನಕ್ಷೆ ಬರೆಯುವವಳಿಗೆ ಆ ಬೆಳಿಗ್ಗೆ ಒಂದೇ ಯೋಚನೆ. ಹೊಳೆಕಾಡಿನ ಹೊಸ ನಕ್ಷೆ ನಾಳೆ ಅಚ್ಚಿಗೆ ಹೋಗುತ್ತದೆ. ಅಪ್ಪ ಇಪ್ಪತ್ತು ವರ್ಷ ಜನರನ್ನು ದೋಣಿಯಲ್ಲಿ ದಾಟಿಸಿದ ಕಡವೇ ಅದರಲ್ಲಿಲ್ಲ. ಕಣ್ಣಾರೆ ಕಂಡದ್ದನ್ನಷ್ಟೇ ಹಾಕಬೇಕೆಂದು ಕಚೇರಿಯ ಕಟ್ಟಪ್ಪಣೆ. ಅವಳೇನು ಕಡಿಮೆ ಅಲೆದಳೇ? ಮೂರು ಸಲ ದಡದುದ್ದಕ್ಕೂ ನಡೆದು ನೀರುನಾಯಿಯ ಬಿಲ, ಮೊಸಳೆ ಮಲಗುವ ಮರಳದಿಬ್ಬ, ಮಿಂಚುಳ್ಳಿಯ ಗೂಡು, ಒಂದನ್ನೂ ಬಿಡದೆ ಗುರುತು ಹಾಕಿದ್ದಳು. ಕಡವಿನದು ಒಂದು ಕಲ್ಲೂ ಸಿಕ್ಕಿರಲಿಲ್ಲ. ಇವತ್ತೂ ಸಿಗದಿದ್ದರೆ ಅಪ್ಪನ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ.

"ಮೊಣಕಾಲು ನೋವು ಅಂತೀಯ, ಬರಬೇಡ ಅಂದ್ರೆ ಕೇಳಲ್ಲ," ಎಂದು ಜೊತೆಗೆ ಹೊರಟ ಅಪ್ಪನ ಮೇಲೆ ಗೊಣಗಿದಳು.

"ನಿನ್ನ ಗಟ್ಟಿ ಕಾಲು ಮೂರು ಸಲ ನಡೆದು ಏನು ಕಡಿದು ಕಟ್ಟೆ ಹಾಕಿದ್ವು? ನಡಿ ನಡಿ," ಎಂದ ಅಪ್ಪ.

ದಡ ಮುಟ್ಟಿದ ಮುದುಕ ನೀರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಎದುರಿನ ಎರಡು ಗುಡ್ಡಗಳ ನಡುವಿನ ಸಂದಿಗೆ ಸರಿಯಾಗಿ ನಿಂತು, ಅದಕ್ಕೆ ಬೆನ್ನು ಕೊಟ್ಟು, ನೆಟ್ಟಗೆ ಕಾಡಿನೊಳಗೆ ಹೊರಟ!

"ಅಯ್ಯೋ ಅಪ್ಪ, ಹೊಳೆ ಇರೋದು ಈ ಕಡೆ!"

"ಈಗ ಇರೋದು. ದೊಡ್ಡ ನೆರೆ ಬಂದ ವರ್ಷ ಮಗ್ಗುಲು ಬದಲಾಯಿಸ್ತು. ನೀನಾಗ ತೊಟ್ಟಿಲಲ್ಲಿ ಕಿರುಚ್ತಿದ್ದೆ."

"ಮೊದಲೇ ಹೇಳೋಕೇನಾಗಿತ್ತು?"

"ನೀನು ಕೇಳಿದ್ಯಾ? ಕಡವು ಅಂದ್ರೆ ನೀರಿನ ಅಂಚಲ್ಲೇ ಇರುತ್ತೆ ಅಂತ ಓದಿದೋಳು ನೀನೇ ತೀರ್ಮಾನ ಮಾಡ್ಬಿಟ್ಟೆ."

ಅವಳು ಹಿಂಬಾಲಿಸಿದಳು. ಇನ್ನೂರು ಹೆಜ್ಜೆ ನಡೆದ ಮೇಲೆ ಅಪ್ಪ ಕೋಲಿನಿಂದ ತರಗೆಲೆ ಸರಿಸಿದ. ಮೆಟ್ಟಿಲು! ಒಂದಲ್ಲ, ಏಳು. ಕೆಳಗೆ ಹಳೆಯ ಹೊಳೆಯ ಹಳ್ಳದ ತುಂಬ ಜೊಂಡು, ಕಪ್ಪೆಗಳ ವಟವಟ, ಅವಳಷ್ಟೇ ವಯಸ್ಸಿನ ಮರಗಳು. ಪಕ್ಕದ ಬಂಡೆಯಲ್ಲಿ ದೋಣಿಯ ಹಗ್ಗ ಉಜ್ಜಿ ಉಜ್ಜಿ ಆಳವಾಗಿ ಕೊರೆದ ಗೆರೆ. ಅಪ್ಪ ಅದರೊಳಗೆ ಬೆರಳಾಡಿಸಿದ.

ಅವಳಿಗೆ ಸಂತೋಷಕ್ಕಿಂತ ಮೊದಲು ನಾಚಿಕೆಯಾಯಿತು.

"ಅಪ್ಪ, ಕಚೇರೀಲಿ ನಾನು... ನಮ್ಮಪ್ಪನಿಗೆ ಅರಳುಮರಳು, ಕಡವು ಅಲ್ಲಿ ಇರ್ಲೇ ಇಲ್ಲವೇನೋ ಅಂದ್ಬಿಟ್ಟಿದ್ದೆ."

ಅಪ್ಪ ಒಂದು ಗಳಿಗೆ ಅವಳ ಮುಖ ನೋಡಿ, ಕೆಮ್ಮು ಬರುವಷ್ಟು ನಕ್ಕ. "ಅರಳುಮರಳು ಹೊಳೆಗೆ ಕಣೇ. ಅದೇ ದಾರಿ ತಪ್ಪಿದ್ದು. ನಾನು ಸರಿಯಾಗೇ ಬಂದೆ."

ಅವಳು ಕಣ್ಣೊರೆಸಿಕೊಂಡು ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ನಕ್ಷೆ ಹರವಿಕೊಂಡಳು. ನೀರಿನಿಂದ ಅಷ್ಟು ದೂರ, ಕಾಡಿನ ನಟ್ಟನಡುವೆ, ಒಂದು ದೋಣಿಯ ಗುರುತು ಹಾಕಿದಳು.