ಕದಿರಮ್ಮ ಜರುಗಿಸಿದ ಸಾಲು

ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆಯಿಂದ, ಎದ್ದ ಮೇಲೆ ಸಾಕುವ ಮನೆಯವರಿಗೆ ಕೂರಲು ಪುರುಸೊತ್ತಿರುವುದಿಲ್ಲ. ತಟ್ಟೆಗೆ ಹಾಕಿದ ಸೊಪ್ಪು ತಿರುಗಿ ನೋಡುವಷ್ಟರಲ್ಲಿ ಖಾಲಿ. ತೊಂಬತ್ತೆಂಟನೇ ಇಸವಿಯಲ್ಲಿ, ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ, ಇಂಥ ಹೊತ್ತಿನಲ್ಲೇ ಸೊಸೆ ಅಮ್ಮಾಜಮ್ಮ ಕಂಪ್ಯೂಟರ್ ತರಬೇತಿಗೆ ಹೋಗುತ್ತೇನೆ ಎಂದಳು. ಅತ್ತೆ ಕದಿರಮ್ಮನ ಪಿತ್ತ ನೆತ್ತಿಗೇರಿತು.

"ಹದಿನೈದು ದಿನ ಚಿಕ್ಕಬಳ್ಳಾಪುರಕ್ಕೆ ಹೋಗಿ ಕೂತ್ರೆ ಸೊಪ್ಪು ಯಾರೇ ಹಾಕ್ತಾರೆ? ನಿಮ್ಮಪ್ಪನಾ?"

"ಹುಳದ ವಿಷಯಾನೇ ಕಲಿಸ್ತಾರೆ ಅತ್ತೆ. ಬಿಎಸ್ಸಿ ಓದಿ ಸುಮ್ನೆ ಮನೇಲಿದೀನಿ. ಇವತ್ತು ಸಾಯಂಕಾಲದೊಳಗೆ ಹೆಸರು ಕೊಡ್ದಿದ್ರೆ ಸೀಟು ಹೋಯ್ತು."

"ಆ ಕಂಪ್ಯೂಟರ್ ಒಂದು ದಿನಾನಾದ್ರೂ ಹುಳ ಮೇಯಿಸಿದ್ಯಾ?"

ಗಲಾಟೆ ಕೇಳಿ ಪಕ್ಕದ ಮನೆಯ ಅನಸೂಯಮ್ಮ ಬಂದರು. ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ತರಬೇತಿಯ ಅರ್ಜಿ ತಂದುಕೊಟ್ಟವರೂ ಅವರೇ.

"ಕದಿರಕ್ಕ, ಹುಳದ ತಳಿಯ ಗುಣವೆಲ್ಲ ಅದರ ಮೈಯೊಳಗೇ ಇರ್ತದೆ. ಅದನ್ನ ಎ, ಟಿ, ಜಿ, ಸಿ ಅಂತ ನಾಲ್ಕೇ ಅಕ್ಷರದಲ್ಲಿ ಬರ್ಕೊಳ್ತಾರೆ. ಎರಡು ತಳಿಯ ಸಾಲು ಹೋಲಿಸಿದ್ರೆ ಎಲ್ಲಿ ಒಂದೇ, ಎಲ್ಲಿ ಬೇರೆ ಅಂತ ತಿಳೀತದೆ."

"ದೇವುಡಾ! ಹುಳಕ್ಕೆ ಇಂಗ್ಲಿಷ್ ಬೇರೆ!"

ಅರ್ಜಿಯ ಜೊತೆ ತರಬೇತಿ ಕೊಡುವ ಕಾಲೇಜಿನವರು ಅಭ್ಯಾಸಕ್ಕೆ ಹತ್ತಾರು ಜೋಡಿ ಸಾಲು ಕೊಟ್ಟಿದ್ದರು. ಮೊದಲ ಜೋಡಿಯಲ್ಲಿ ಅಮ್ಮಾಜಮ್ಮ ಆರನೇ ಅಕ್ಷರದಿಂದಾಚೆ ಎಲ್ಲಕ್ಕೂ ಕೆಂಪು ಗೀಟು ಹಾಕಿ, 'ಎರಡೂ ಬೇರೆ ಬೇರೆ' ಎಂದು ಬರೆದಿದ್ದಳು. ಕದಿರಮ್ಮನಿಗೆ ಓದು ಬಾರದು. ಕಣ್ಣು ಮಾತ್ರ ಚುರುಕು. ಅವಳಿಗೆ ಎ ಗುಡಿಸಲು, ಟಿ ಗೂಟ, ಸಿ ಕುಡುಗೋಲು, ಜಿ ಹಿಡಿ ಇರುವ ಕುಡುಗೋಲು.

"ಏನೇ ಇದು? ಮೇಲಿನ ಸಾಲಲ್ಲಿ ಇಲ್ಲೊಂದು ಗೂಟ ಐತೆ. ಕೆಳಗೆ ಬಿಟ್ಟೋಗೈತೆ. ಅಷ್ಟು ಜಾಗ ಖಾಲಿ ಬಿಟ್ಟು ಆಕಡೆ ಜರುಗಿಸು."

ಜರುಗಿಸಿದರೆ ಮುಂದಿನದೆಲ್ಲ ಒಂದಕ್ಕೊಂದು ಹೊಂದಿಕೊಂಡಿತು. ಕೆಂಪು ಗೀಟೆಲ್ಲ ದಂಡ.

"ಅಕ್ಕ, ಕಂಪ್ಯೂಟರ್ ಮಾಡೋದೂ ಇದನ್ನೇ!" ಎಂದರು ಅನಸೂಯಮ್ಮ.

"ಹಂಗಾದ್ರೆ ಅದ್ಯಾಕೆ? ನಾನಿಲ್ವಾ? ತತ್ತಾ ಇಲ್ಲಿ."

ಕದಿರಮ್ಮ ಹಾಳೆ ಹರಡಿಕೊಂಡು ಕೂತಳು. ಗುಡಿಸಲು, ಗೂಟ, ಕುಡುಗೋಲು. ಉಳಿದಿಬ್ಬರೂ ಅವಳ ಬೆರಳನ್ನೇ ನೋಡುತ್ತಾ ಕೂತರು. ಮೂರು ಜೋಡಿ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ತಲೆಯೆತ್ತಿದರೆ ತಟ್ಟೆಗಳಲ್ಲಿ ಬರೀ ಕಡ್ಡಿ, ಸಾವಿರಾರು ಹುಳು ತಲೆಯೆತ್ತಿ ಇವಳನ್ನೇ ನೋಡುತ್ತಿವೆ.

"ಅಯ್ಯಯ್ಯೋ, ಹುಳ ಉಪವಾಸ!"

ಟೀಚರೂ ಸೇರಿ ಮೂವರೂ ಎದ್ದುಬಿದ್ದು ಸೊಪ್ಪು ಹಾಕಿದರು.

"ಮೂರು ಜೋಡಿಗೇ ಹಿಂಗೆ. ಒಂದು ಹುಳದಲ್ಲಿ ಕೋಟಿಗಟ್ಟಲೆ ಅಕ್ಷರ ಅವೆ ಅಕ್ಕ," ಎಂದರು ಅನಸೂಯಮ್ಮ ಏದುಸಿರು ಬಿಡುತ್ತಾ.

"ಹಾಗಿದ್ರೆ ಆ ಮಿಷನ್ನೇ ಮಾಡ್ಲಿ. ಅದಕ್ಕೇನು ಸೊಪ್ಪು ಹಾಕೋ ಕೆಲಸವಾ? ಆದ್ರೆ ಅದು ಸರಿಯಾಗಿ ಜರುಗಿಸ್ತೋ ಇಲ್ವೋ ಯಾರು ನೋಡ್ತಾರೆ?"

"ಕಲಿತೋರು ನೋಡ್ಬೇಕು. ಅಮ್ಮಾಜಿ ಹೋಗ್ತೀನಿ ಅನ್ನೋದು ಅದಕ್ಕೇ."

ಕದಿರಮ್ಮ ಸೊಸೆಯ ಮುಖ ನೋಡಿದಳು. ಇಷ್ಟು ಓದಿದ ಹುಡುಗಿಯನ್ನು ಸೊಪ್ಪಿನ ಕುಕ್ಕೆಗೆ ಕಟ್ಟಿಹಾಕಿದ್ದೆನಲ್ಲ ಎಂದುಕೊಂಡು ಅವಳ ಕೈಯ ಕುಕ್ಕೆ ತಾನೇ ಇಸಿದುಕೊಂಡಳು.

"ಹೋಗೇ, ಹೆಸರು ಕೊಟ್ಟು ಬಾ. ಹದಿನೈದು ದಿನ ಬೆಳಗಿನ ಸೊಪ್ಪು ನಾನು ಹಾಕ್ತೀನಿ, ಸಾಯಂಕಾಲದ್ದು ಟೀಚರಮ್ಮ ಹಾಕ್ತಾರೆ. ಅರ್ಜಿ ತಂದೋರು ಅವ್ರೇ ತಾನೆ?"

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಎರಡು ಸಾಲು ಹೊಂದದಿದ್ದರೆ ಬೇರೆ ಎಂದುಬಿಡಬೇಡಿ, ಒಂದು ಜಾಗ ಬಿಟ್ಟು ನೋಡಿ. ಕಂಪ್ಯೂಟರ್ ಹೇಳಿದ್ದನ್ನೂ ಕಣ್ಣಿಟ್ಟು ನೋಡಿ. ಓದಿದ ಮಗಳು, ಸೊಸೆ ಮನೆಯಲ್ಲಿದ್ದರೆ ಇಂದೇ ನಮ್ಮ ಈ ತರಬೇತಿಗೆ ಹೆಸರು ಕೊಡಿಸಿ. ಬೇಡ ಎನ್ನುವ ಅತ್ತೆ ಇದ್ದರೆ ಅವರನ್ನೂ ಕರೆತನ್ನಿ, ಮುಂದಿನ ಬೆಂಚಿನಲ್ಲೇ ಕೂರಿಸೋಣ.